ಒಂಬತ್ತು ಗಂಟೆಯ ಗುಳಿಗೆ: ಗಂಗಾವತಿ ಸೀಮೆಯ ಒಂದು ಪ್ರಕರಣ

ಎಚ್‌ಐವಿಯ ಗುಳಿಗೆಯನ್ನು ನಡುವೆ ಬಿಟ್ಟು ಮತ್ತೆ ಹಿಡಿದ ಹೆಂಗಸೊಬ್ಬಳ ಪ್ರಕರಣ ಇದು. ಈ ಬರಹವನ್ನು ಮೊದಲು ಕೇಳಿಸಿಕೊಂಡವಳು ಆಕೆಯೇ. ಹೊಲಿಗೆ ಯಂತ್ರದ ಪಕ್ಕದ ಮಣೆಯ ಮೇಲೆ ಕುಳಿತು ಪೂರ್ತಿ ಓದಿಸಿಕೊಂಡಳು. ಎರಡು ಸಂಗತಿಗಳನ್ನು ತೆಗೆಯಿರಿ ಎಂದಳು, ತೆಗೆದಿದ್ದೇನೆ. ಹೆಸರು ಬರೆದಿಲ್ಲ, ಊರು ಬರೆದಿಲ್ಲ, ಗುರುತು ಹಿಡಿಯಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಉಳಿದದ್ದನ್ನು ಬರೆಯಲು ಆಕೆ ಒಪ್ಪಿದ್ದಕ್ಕೆ ಒಂದೇ ಕಾರಣ: ತನ್ನ ಹಾಗೆ ಗುಳಿಗೆ ಬಿಟ್ಟು ಕುಳಿತವರನ್ನು ಯಾರಾದರೂ ಬೈಯುವ ಮೊದಲು ಇದನ್ನು ಓದಲಿ ಎಂಬುದು.

ಆಕೆಗೆ ಈಗ 35 ವರ್ಷ. ತುಂಗಭದ್ರಾ ಎಡದಂಡೆ ನಾಲೆಯ ನೀರು ಕುಡಿಯುವ ಭತ್ತದ ಸೀಮೆಯ ಹಳ್ಳಿ. ನಾಟಿಯ ಕಾಲಕ್ಕೆ ನಾಟಿ, ಕಳೆಯ ಕಾಲಕ್ಕೆ ಕಳೆ, ಉಳಿದ ದಿನಗಳಲ್ಲಿ ಸಿಕ್ಕ ಕೂಲಿ. ಒಂದೇ ಕೋಣೆಯ ಮನೆಯಲ್ಲಿ ಅತ್ತೆ, ಮೈದುನ, ಇಬ್ಬರು ಮಕ್ಕಳು. 2016ರಲ್ಲಿ ಎರಡನೆಯ ಮಗುವಿನ ಬಸಿರಿನಲ್ಲಿ ಮಾಡಿದ ರಕ್ತಪರೀಕ್ಷೆಯಲ್ಲಿ ಎಚ್‌ಐವಿ ಇರುವುದು ತಿಳಿಯಿತು. ಗರ್ಭಿಣಿಗೆ ಸೋಂಕು ಖಚಿತವಾದರೆ ಸಿಡಿ4 ಎಣಿಕೆ (ರೋಗ ತಡೆಯುವ ರಕ್ತಕಣಗಳ ಲೆಕ್ಕ) ಎಷ್ಟೇ ಇದ್ದರೂ ಎಆರ್‌ಟಿ, ಅಂದರೆ ವೈರಾಣುವನ್ನು ಅದುಮಿಡುವ ಗುಳಿಗೆಯ ಚಿಕಿತ್ಸೆ, ಆರಂಭಿಸುವ ಪದ್ಧತಿ ಆಗಲೇ ಬಂದಿತ್ತು, ಹಾಗಾಗಿ ಗುಳಿಗೆ ತಡವಾಗಲಿಲ್ಲ. ಹುಟ್ಟಿದ ಮಗುವಿಗೆ ಸೋಂಕು ತಗಲದಂತೆ ಆರು ವಾರ ನೆವಿರಪಿನ್ ಸಿರಪ್ ಕುಡಿಸಿದರು, ಹದಿನೆಂಟು ತಿಂಗಳ ತನಕ ಹಂತ ಹಂತವಾಗಿ ಪರೀಕ್ಷೆ ಮಾಡಿಸಿದರು, ಸೋಂಕಿಲ್ಲ ಎಂದು ಖಚಿತವಾಯಿತು. ಹಿರಿಯ ಮಗಳಿಗೂ ಇಲ್ಲ. ಗಂಡನಿಗೆ ಇತ್ತು. ಅವನು ಗುಳಿಗೆಯನ್ನು ಸರಿಯಾಗಿ ತೆಗೆದುಕೊಳ್ಳಲಿಲ್ಲ, 2019ರಲ್ಲಿ ಕ್ಷಯದಿಂದ ತೀರಿಕೊಂಡ. ಮನೆಯವರಿಗೆ ಗೊತ್ತಿರುವುದು ಕ್ಷಯ ಎಂಬ ಅರ್ಧ ಮಾತ್ರ.

ಗುಳಿಗೆ ಬಿಟ್ಟವರನ್ನು ಕೂರಿಸಿ ಮಾತಾಡಿಸುವ ನಮ್ಮ ಗುಂಪಿನ ಬಗ್ಗೆ ಎರಡು ಮಾತು. ನಾವು ಐದು ಜನ. ನಾನು ಹಿಂದೆ ಎಚ್‌ಐವಿ ಪರೀಕ್ಷಾ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕಿಯಾಗಿದ್ದೆ. ಉಳಿದ ನಾಲ್ವರಲ್ಲಿ ಮೂವರು ತಾವೇ ಸೋಂಕಿನೊಂದಿಗೆ ಬದುಕುತ್ತಿರುವವರು. ತಿಂಗಳಿಗೆ ತಲಾ ನೂರು ರೂಪಾಯಿ ಹಾಕುತ್ತೇವೆ, ಪರಿಚಯದ ಕೆಲವರು ಕೈಲಾದಷ್ಟು ಕೊಡುತ್ತಾರೆ. ಕಚೇರಿ ಇಲ್ಲ, ಫಲಕವಿಲ್ಲ. ಮೊದಲು ಒಂದು ಬಾಡಿಗೆ ಕೋಣೆಯಿತ್ತು, ಅದರ ಮುಂದೆ 'ಆಪ್ತಸಮಾಲೋಚನೆ' ಎಂಬ ಫಲಕವೂ ಇತ್ತು. ಆರು ತಿಂಗಳಲ್ಲಿ ಅದರ ಒಳಗೆ ಬಂದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಫಲಕ ಇರುವ ಬಾಗಿಲನ್ನು ದಾಟುವುದನ್ನು ಎದುರಿನ ಚಹಾ ಅಂಗಡಿಯವರು ನೋಡುತ್ತಾರೆ ಎಂಬುದನ್ನು ಅರ್ಥ ಮಾಡಿಕೊಳ್ಳಲು ನನಗೆ ಆ ಆರು ತಿಂಗಳ ಬಾಡಿಗೆ ಬೇಕಾಯಿತು.

ಸೇತುವೆ ಮುಳುಗಿದ ತಿಂಗಳು

ಆಕೆ ಗುಳಿಗೆ ತರಲು ಹೋಗುತ್ತಿದ್ದುದು ಬಳ್ಳಾರಿಗೆ. ತನ್ನ ಜಿಲ್ಲೆಯ ಎಆರ್‌ಟಿ ಕೇಂದ್ರವನ್ನು ಬೇಕೆಂದೇ ಬಿಟ್ಟಿದ್ದಳು. ಕೊಪ್ಪಳದಲ್ಲೋ ಗಂಗಾವತಿಯಲ್ಲೋ ಆಸ್ಪತ್ರೆಯ ಅಂಗಳದಲ್ಲಿ ನಿಂತರೆ ಊರಿನ ಯಾರಾದರೊಬ್ಬರು ಎದುರಾಗದೆ ಇರುವುದಿಲ್ಲ. ಬಳ್ಳಾರಿಯಲ್ಲಾದರೆ ದೂರದ ಸಂಬಂಧಿಯ ಮನೆಯಿದೆ, ಮನೆಯಲ್ಲಿ ಹೇಳಲು ನೆಪವಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಬಸ್ ಪ್ರಯಾಣ ಉಚಿತವಾದ ಮೇಲೆ ದೂರವೂ ಭಾರವೆನಿಸಲಿಲ್ಲ. ಹತ್ತಿರದ ಕೇಂದ್ರಕ್ಕೆ ವರ್ಗಾಯಿಸಿಕೊಳ್ಳಿ ಎಂದು ನಮ್ಮಂಥವರು ಎಲ್ಲರಿಗೂ ಹೇಳುತ್ತಿರುತ್ತೇವೆ. ಆ ಉಪದೇಶ ಕೇಳಿದವರು ತಲೆಯಾಡಿಸಿ ಮತ್ತೆ ದೂರದ ಬಸ್ಸನ್ನೇ ಹತ್ತುತ್ತಾರೆ, ಏಕೆಂದರೆ ಅವರು ಅಳೆಯುವುದು ಕಿಲೋಮೀಟರನ್ನಲ್ಲ, ಎದುರಾಗಬಹುದಾದ ಮುಖಗಳನ್ನು.

ಗಂಗಾವತಿಯಿಂದ ಬಳ್ಳಾರಿಗೆ ಹೋಗುವ ಹತ್ತಿರದ ದಾರಿ ಕಂಪ್ಲಿಯ ಮೇಲೆ. ತುಂಗಭದ್ರಾ ಜಲಾಶಯದಿಂದ ನದಿಗೆ ಹೆಚ್ಚು ನೀರು ಬಿಟ್ಟಾಗಲೆಲ್ಲ ಕಂಪ್ಲಿಯ ಸೇತುವೆ ಮುಳುಗುತ್ತದೆ, ಸಂಚಾರ ನಿಲ್ಲುತ್ತದೆ. ಈ ಭಾಗದವರಿಗೆ ಇದು ಹೊಸತಲ್ಲ. 2024ರ ಜುಲೈ ಕೊನೆಯಲ್ಲಿ ಹಾಗೆಯೇ ಆಯಿತು. ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಕ್ರಸ್ಟ್ ಗೇಟ್ ಕಿತ್ತುಹೋದ ಮೇಲೆ ನದಿಯಂಚಿನ ಊರುಗಳಲ್ಲಿ ಬೇರೆ ಮಾತೇ ಇರಲಿಲ್ಲ. ಆಕೆಯ ಡಬ್ಬಿ ಖಾಲಿಯಾದದ್ದು ಅದೇ ಹೊತ್ತಿನಲ್ಲಿ.

ನೀರು ಇಳಿಯಿತು, ಬಸ್ ಓಡಿದವು. ಆದರೆ ಆಗ ನಾಟಿ ಭರದಲ್ಲಿತ್ತು. ನಾಟಿಯನ್ನು ಹೆಂಗಸರ ಗುಂಪುಗಳು ಎಕರೆಗೆ ಇಷ್ಟು ಎಂದು ಗುತ್ತಿಗೆ ಹಿಡಿಯುತ್ತವೆ. ಒಬ್ಬಳು ಬರದಿದ್ದರೆ ಅವಳ ಸಾಲನ್ನು ಉಳಿದವರು ನೆಡಬೇಕು. ಒಂದು ದಿನ ತಪ್ಪಿಸಿದರೆ ಆ ದಿನದ ಸುಮಾರು ₹450 ಹೋಗುತ್ತದೆ, ಎರಡನೆಯ ಸಲ ತಪ್ಪಿಸಿದರೆ ಮುಂದಿನ ಗದ್ದೆಗೆ ಕರೆಯೇ ಬರುವುದಿಲ್ಲ. ಗುಂಪಿನ ಮುಖ್ಯಸ್ಥೆ ಎಲ್ಲಿಗೆ ಹೋಗಿದ್ದೆ ಎಂದು ಎಲ್ಲರ ಮುಂದೆ ಕೇಳುತ್ತಾಳೆ. ಹೀಗೆ ಆಗಸ್ಟ್ ಹೋಯಿತು. ಸೆಪ್ಟೆಂಬರ್‌ನಲ್ಲಿ ಬಿಡುವಿತ್ತು, ಆದರೆ ಅಷ್ಟರಲ್ಲಿ ನಾಚಿಕೆ ಬಂದು ಕುಳಿತಿತ್ತು. ಇಷ್ಟು ದಿನ ಬಿಟ್ಟು ಈಗ ಹೋದರೆ ಏನೆನ್ನುತ್ತಾರೋ ಎಂಬ ಅಳುಕು. ಹಿಂದೊಮ್ಮೆ ಬೇರೆ ಯಾವುದೋ ಊರಿನಲ್ಲಿ, ತಡವಾಗಿ ಬಂದ ಹೆಂಗಸೊಬ್ಬಳನ್ನು ಔಷಧ ಕೊಡುವ ಕಿಟಕಿಯ ಬಳಿ ಎಲ್ಲರೆದುರು ಜೋರು ಮಾಡಿದ್ದನ್ನು ಆಕೆ ಕಂಡಿದ್ದಳು. ಬೈಸಿಕೊಂಡವಳು ಬೇರೆಯವಳು, ಹೆದರಿದವಳು ಈಕೆ.

ಕೇಂದ್ರದವರು ಸುಮ್ಮನಿರಲಿಲ್ಲ. ಚಿಕಿತ್ಸೆ ಬಿಟ್ಟವರನ್ನು ಹುಡುಕುವ ವ್ಯವಸ್ಥೆಯಿದೆ, ಅದರಂತೆ ಫೋನ್ ಮಾಡಿದ್ದಾರೆ. ಆದರೆ ಆಕೆ ಕೊಟ್ಟ ಸಂಖ್ಯೆ ಮೈದುನನದು. ಗಂಡಸಿನ ದನಿ ಕೇಳಿ ಕರೆ ಮಾಡಿದವರು ತಪ್ಪು ಸಂಖ್ಯೆ ಎಂದು ಇಟ್ಟುಬಿಟ್ಟರು. ಸರಿಯಾದದ್ದನ್ನೇ ಮಾಡಿದರು. ಮತ್ತೊಬ್ಬರ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡುವುದಕ್ಕೆ ಕಾಯ್ದೆಯ ತಡೆಯಿದೆ. ಕಾಯ್ದೆ ಇಲ್ಲದಿದ್ದರೂ ಅದು ಮಾಡಬಾರದ ಕೆಲಸ.

ಹೊಲಿಗೆ ಅಂಗಡಿ

ಆಕೆಯನ್ನು ಮರಳಿ ಕಂಡದ್ದು ನಮ್ಮ ಗುಂಪಿನ ಹಿರಿಯ ಸದಸ್ಯೆ. ಅವರನ್ನು ಇಲ್ಲಿ ಹೊಲಿಗೆಯ ಅಕ್ಕ ಎನ್ನುತ್ತೇನೆ. ಹದಿನಾಲ್ಕು ವರ್ಷಗಳಿಂದ ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆ, ಪುಟ್ಟ ಹೊಲಿಗೆ ಅಂಗಡಿ ಇಟ್ಟಿದ್ದಾರೆ. ಇಬ್ಬರದೂ ಸಾಲಿನ ಪರಿಚಯ. ಅಂದರೆ ಬಳ್ಳಾರಿಯ ಗುಳಿಗೆಯ ಸಾಲಿನಲ್ಲಿ ಒಬ್ಬರನ್ನೊಬ್ಬರು ನೋಡಿದ್ದಾರೆ, ಕಣ್ಣಲ್ಲೇ ಗುರುತು ಹೇಳಿದ್ದಾರೆ, ಊರ ಕಡೆ ಎದುರಾದರೆ ಅಪರಿಚಿತರಂತೆ ಸಾಗಿದ್ದಾರೆ. ಎಲ್ಲೂ ಬರೆಯದ ಈ ಒಪ್ಪಂದವನ್ನು ಸಾಲಿನಲ್ಲಿ ನಿಂತವರೆಲ್ಲ ಪಾಲಿಸುತ್ತಾರೆ. ನವೆಂಬರ್ ಕೊನೆಯ ಸಂತೆಯಲ್ಲಿ ಅಕ್ಕ ಆ ಒಪ್ಪಂದವನ್ನು ಸ್ವಲ್ಪವೇ ಸಡಿಲಿಸಿದರು. ಆಕೆ ತೀರ ಇಳಿದುಹೋಗಿದ್ದಳು. ಅಕ್ಕ ಕೇಳಿದ್ದು ಇಷ್ಟೇ: ರವಿಕೆ ಹೊಲಿಸುವುದಿದ್ದರೆ ಅಂಗಡಿಗೆ ಬಾ.

ಆಕೆ ನಾಲ್ಕು ದಿನ ಬಿಟ್ಟು ಒಂದು ರವಿಕೆ ಕಣ ಹಿಡಿದು ಬಂದಳು. ಹಸಿರು ಬಣ್ಣದ್ದು. ಆ ಕಣ ಮುಂದಿನ ಏಳು ತಿಂಗಳು ಹೊಲಿಯದೆ ಉಳಿಯಿತು. ಅಳತೆ ಸರಿಯಿಲ್ಲ, ದಾರದ ಬಣ್ಣ ಸಿಗಲಿಲ್ಲ, ಲೈನಿಂಗ್ ಬಟ್ಟೆ ಬರಬೇಕು ಎಂದು ಪ್ರತಿ ಸಲವೂ ಅದೇ ಚೀಲದಲ್ಲಿ ಅದೇ ಕಣ ಬಂದುಹೋಗುತ್ತಿತ್ತು. ಹೆಂಗಸು ಹೊಲಿಗೆ ಅಂಗಡಿಗೆ ಹತ್ತು ಸಲ ಹೋದರೂ ಯಾರೂ ಏಕೆಂದು ಕೇಳುವುದಿಲ್ಲ. ಯಂತ್ರ ತಿರುಗುತ್ತಿದ್ದರೆ ಪಕ್ಕದವರಿಗೆ ಮಾತು ಕೇಳಿಸುವುದಿಲ್ಲ. ಗಿರಾಕಿ ಬಂದರೆ ಮಾತು ನಿಲ್ಲುತ್ತದೆ, ಅಳತೆ ಪಟ್ಟಿ ಹೊರಬರುತ್ತದೆ. ಇಷ್ಟು ಒಳ್ಳೆಯ ಸಮಾಲೋಚನಾ ಕೋಣೆಯನ್ನು ನಾನು ಯಾವ ಕಟ್ಟಡದಲ್ಲೂ ಕಂಡಿರಲಿಲ್ಲ.

ಮೊದಲ ಭೇಟಿಯಲ್ಲಿ ತಪ್ಪಿದ್ದು ನಾನು. ಗುಳಿಗೆ ಬಿಟ್ಟರೆ ವೈರಾಣು ಹೇಗೆ ಹೆಚ್ಚುತ್ತದೆ, ಔಷಧಕ್ಕೆ ಹೇಗೆ ಬಗ್ಗದಂತಾಗುತ್ತದೆ, ಎರಡನೆಯ ಹಂತದ ಔಷಧ ಎಷ್ಟು ಕಷ್ಟ, ಎಲ್ಲವನ್ನೂ ಹೇಳಿದೆ. ದಿನಕ್ಕೊಂದು ಗುರುತು ಹಾಕುವ ಅಚ್ಚಿನ ಪಟ್ಟಿಯನ್ನು ಕೈಗಿತ್ತೆ. ಆಕೆ ಎಲ್ಲಕ್ಕೂ ಹೂಂ ಎಂದಳು. ಹೋಗುವಾಗ ಪಟ್ಟಿಯನ್ನು ಕತ್ತರಿಸಿದ ಬಟ್ಟೆಯ ಚೂರುಗಳ ಕೆಳಗೆ ಇಟ್ಟು ಹೋದಳು. ಅದನ್ನು ಮನೆಗೆ ಒಯ್ಯುವುದು ಹೇಗೆ? ಎಂಟು ವರ್ಷ ಗುಳಿಗೆ ನುಂಗಿದವಳಿಗೆ ನಾನು ಹೇಳಿದ್ದರಲ್ಲಿ ಹೊಸದೇನೂ ಇರಲಿಲ್ಲ. ತಿಳಿವಳಿಕೆಯ ಕೊರತೆ ಎಂದು ನಾವು ಬರೆದುಕೊಳ್ಳುವ ಎಷ್ಟೋ ಪ್ರಕರಣಗಳಲ್ಲಿ ಕೊರತೆ ಇರುವುದು ಕೇಳುವವರಲ್ಲಿ.

ಆಮೇಲೆ ಅಕ್ಕ ಒಂದು ಪ್ರಶ್ನೆ ಕೇಳಿದರು. ಏಕೆ ಬಿಟ್ಟೆ ಎಂದಲ್ಲ, ದಿನವೂ ಗುಳಿಗೆಯನ್ನು ಎಷ್ಟು ಹೊತ್ತಿಗೆ, ಎಲ್ಲಿ ಕುಳಿತು, ಯಾವ ನೀರಿನಲ್ಲಿ ನುಂಗುತ್ತಿದ್ದೆ ಎಂದು.

ಅಲ್ಲಿಂದ ಪ್ರಕರಣ ತೆರೆದುಕೊಂಡಿತು.

2016ರಲ್ಲಿ ಆಕೆಗೆ ಕೊಟ್ಟ ಗುಳಿಗೆಯಲ್ಲಿ ಎಫಾವಿರೆಂಜ್ ಎಂಬ ಔಷಧ ಇತ್ತು. ಅದರಿಂದ ತಲೆ ಸುತ್ತು ಬರುತ್ತದೆ, ಕೆಟ್ಟ ಕನಸು ಬೀಳುತ್ತದೆ, ಹಾಗಾಗಿ ರಾತ್ರಿ ಮಲಗುವ ಹೊತ್ತಿಗೆ ತೆಗೆದುಕೊಳ್ಳಿ ಎಂದು ಹೇಳುವುದು ರೂಢಿ. ಆಕೆ ರಾತ್ರಿ ಒಂಬತ್ತು ಗಂಟೆ ಎಂದು ನಿಶ್ಚಯ ಮಾಡಿಕೊಂಡಳು. 2021ರಲ್ಲಿ ಗುಳಿಗೆ ಬದಲಾಯಿತು. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಕೂಡಿದ ಒಂದೇ ಗುಳಿಗೆ ಬಂತು. ಇದಕ್ಕೆ ರಾತ್ರಿಯ ಕಟ್ಟುಪಾಡಿಲ್ಲ. ದಿನದ ಯಾವ ಹೊತ್ತಿಗಾದರೂ ಸರಿ, ಊಟದ ಜೊತೆಗಾದರೂ ಸರಿ, ಊಟವಿಲ್ಲದೆಯೂ ಸರಿ, ಪ್ರತಿದಿನ ಅದೇ ಹೊತ್ತು ಇದ್ದರಾಯಿತು. ಇದನ್ನು ಆಗ ಯಾರೋ ಹೇಳಿರಬಹುದು, ನೂಕುನುಗ್ಗಲಿನಲ್ಲಿ ಕಿವಿಗೆ ಬಿದ್ದಿರಲಿಲ್ಲ. ಆಕೆಯ ಮನಸ್ಸಿನಲ್ಲಿ ಗುಳಿಗೆ ಎಂದರೆ ಒಂಬತ್ತು ಗಂಟೆ, ಗುಳಿಗೆ ಎಂದರೆ ಉಂಡ ಮೇಲೆ.

ರಾತ್ರಿ ಒಂಬತ್ತಕ್ಕೆ ಆ ಮನೆ ಹೇಗಿರುತ್ತದೆ ಎಂದು ಯೋಚಿಸಿ ನೋಡಿ. ಒಂದು ಕೋಣೆ, ಒಂದು ದೀಪ, ಐದು ಜನ. ಅತ್ತೆ ಹಾಸಿಗೆಯಲ್ಲಿ ಕುಳಿತಿರುತ್ತಾಳೆ, ಮಗಳು ಬರೆಯುತ್ತಿರುತ್ತಾಳೆ, ಮೈದುನ ಮೊಬೈಲ್ ನೋಡುತ್ತಿರುತ್ತಾನೆ. ಪ್ಲಾಸ್ಟಿಕ್ ಡಬ್ಬಿಯನ್ನು ಎತ್ತಿದರೆ ಒಳಗಿನ ಗುಳಿಗೆಗಳು ಸದ್ದು ಮಾಡುತ್ತವೆ. ಆಕೆ ಡಬ್ಬಿಯನ್ನು ಬಳ್ಳಾರಿಯ ಬಸ್ ನಿಲ್ದಾಣದಲ್ಲೇ ಎಸೆದು, ಗುಳಿಗೆಗಳನ್ನು ಕಾಗದದಲ್ಲಿ ಸುತ್ತಿ ಎಲೆಅಡಿಕೆ ಸಂಚಿಯಲ್ಲಿಟ್ಟು ಜೋಳದ ಗಡಿಗೆಯ ಹಿಂದೆ ಬಚ್ಚಿಡುತ್ತಿದ್ದಳು. ರಾತ್ರಿ ಬಹಿರ್ದೆಸೆಯ ನೆಪದಲ್ಲಿ ಹೊರಗೆ ಹೋಗಿ, ಚೊಂಬಿನ ನೀರಿನಲ್ಲಿ ಕತ್ತಲಲ್ಲಿ ನುಂಗಿ ಬರುತ್ತಿದ್ದಳು. ಮಳೆ ಬಂದರೆ, ಹಿತ್ತಿಲಲ್ಲಿ ಯಾರಾದರೂ ಇದ್ದರೆ, ಆ ದಿನದ್ದು ಹೋಯಿತು. ಇದರ ಜೊತೆಗೆ ಹುಲಿಗೆಮ್ಮನ ಹೆಸರಿನಲ್ಲಿ ಪ್ರತಿ ಮಂಗಳವಾರ ಒಪ್ಪೊತ್ತು. ಮಧ್ಯಾಹ್ನ ಒಂದು ಊಟ, ರಾತ್ರಿ ಇಲ್ಲ. ಉಣ್ಣದೆ ಗುಳಿಗೆ ನುಂಗಬಾರದು ಎಂಬ ನಂಬಿಕೆಯಿಂದ ಮಂಗಳವಾರದ ಗುಳಿಗೆಯೂ ಇಲ್ಲ. ತಿಂಗಳಿಗೆ ನಾಲ್ಕು ಮಂಗಳವಾರ. ಸೇತುವೆ ಮುಳುಗುವ ಎಷ್ಟೋ ಮೊದಲೇ ಗುಳಿಗೆ ತಪ್ಪುತ್ತಿತ್ತು.

ಇಷ್ಟು ವರ್ಷಗಳಲ್ಲಿ ಗುಳಿಗೆ ಸರಿಯಾಗಿ ತೆಗೆದುಕೊಳ್ಳುತ್ತೀಯಾ ಎಂದು ಆಕೆಯನ್ನು ಕೇಳಿದವರಿಗೆ ಲೆಕ್ಕವಿಲ್ಲ. ನಾನೂ ಅವರಲ್ಲಿ ಒಬ್ಬಳು. ಅದು ಹೌದು ಎಂಬ ಉತ್ತರವನ್ನೇ ಬೇಡುವ ಪ್ರಶ್ನೆ.

ಮರಳಿ ಹೋದ ದಿನ

ಡಿಸೆಂಬರ್ ಮೊದಲ ವಾರ ಅಕ್ಕ ಆಕೆಯ ಜೊತೆ ಬಸ್ ಹತ್ತಿದರು. ಆ ದಿನದ ಕೂಲಿ ಹೋಗಬಾರದೆಂದು ನಮ್ಮ ಡಬ್ಬಿಯಿಂದ ₹450 ಕೊಟ್ಟೆವು. ಆಕೆ ಬೇಡವೆಂದಳು, ಆಮೇಲೆ ಸೆರಗಿನ ತುದಿಗೆ ಕಟ್ಟಿಕೊಂಡಳು. ಕೇಂದ್ರದಲ್ಲಿ ಆಕೆ ಹೆದರಿದ್ದು ಯಾವುದೂ ಆಗಲಿಲ್ಲ. ಅಲ್ಲಿನ ಆಪ್ತಸಮಾಲೋಚಕಿ ಕೇಳಿದ ಮೊದಲ ಮಾತು ತಿಂಡಿ ಆಯಿತೇ ಎಂಬುದು. ತೂಕ ಐದು ಕಿಲೋ ಇಳಿದಿತ್ತು. ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಈ ನಾಲ್ಕರಲ್ಲಿ ಒಂದಿದ್ದರೂ ಕ್ಷಯಕ್ಕೆ ಪರೀಕ್ಷೆ ಮಾಡಲೇಬೇಕು. ಗಂಡನ ನೆನಪಿನಿಂದ ಆಕೆ ಆ ಪರೀಕ್ಷೆಗೇ ಎಲ್ಲಕ್ಕಿಂತ ಹೆಚ್ಚು ನಡುಗಿದಳು. ಕ್ಷಯವಿರಲಿಲ್ಲ. ಗುಳಿಗೆ ಮತ್ತೆ ಶುರುವಾಯಿತು.

ಹೊತ್ತು ಬದಲಿಸಿದೆವು. ಬೆಳಗಿನ ಐದು ಗಂಟೆ, ಒಲೆ ಹಚ್ಚುವ ಹೊತ್ತು. ಆಗ ಎಚ್ಚರವಿರುವವಳು ಆಕೆ ಒಬ್ಬಳೇ, ಒಲೆಯ ಮುಂದೆ ಯಾರೂ ಬರುವುದಿಲ್ಲ. ಮಂಗಳವಾರವೂ ಬರಿಹೊಟ್ಟೆಯಲ್ಲಿ ನುಂಗಬಹುದು ಎಂದಾಗ ಆಕೆ ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು. ನೀರು ಕುಡಿದರೆ ಒಪ್ಪೊತ್ತು ಕೆಡುವುದಿಲ್ಲವಲ್ಲ ಎಂದು ತಾನೇ ತೀರ್ಮಾನಿಸಿದಳು. ರಕ್ತಹೀನತೆಗೆಂದು ಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನೂ ಅದೇ ಹೊತ್ತಿಗೆ ಬರಿಹೊಟ್ಟೆಯಲ್ಲಿ ನುಂಗುವ ಯೋಚನೆಯಲ್ಲಿದ್ದಳು, ಒಂದೇ ಸಲ ಮುಗಿಯುತ್ತದೆ ಎಂದು. ಹಾಗೆ ಮಾಡಿದರೆ ಕಬ್ಬಿಣ ಡೊಲುಟೆಗ್ರಾವಿರ್ ಮೈಗೆ ಹತ್ತದಂತೆ ತಡೆಯುತ್ತದೆ. ಬೆಳಗಿನ ಗುಳಿಗೆಯಾದ ಎರಡು ಗಂಟೆಗೂ ಮೀರಿದ ಅಂತರವಿರಲಿ ಎಂದು ಕಬ್ಬಿಣಾಂಶದ ಮಾತ್ರೆಯನ್ನು ಮಧ್ಯಾಹ್ನದ ಬುತ್ತಿಗೆ ತಳ್ಳಿದೆವು. ಅದನ್ನು ಎಲ್ಲರೆದುರು ನುಂಗಿದರೂ ಯಾರಿಗೂ ಏನೂ ಅನ್ನಿಸುವುದಿಲ್ಲ.

ಡಬ್ಬಿಯ ಪ್ರಶ್ನೆ ಉಳಿಯಿತು. ಈ ಗುಳಿಗೆಗಳು ತೇವಕ್ಕೆ ಕೆಡುತ್ತವೆ, ಮೂಲ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಬೇಕು. ಸಂಚಿಯ ಕಾಗದ ಸುತ್ತು ಗದ್ದೆಗೂ ಮಳೆಗೂ ತಡೆಯುವಂಥದ್ದಲ್ಲ. ಅಕ್ಕ ತಮ್ಮ ಗುಂಡಿಗಳ ಬೀರುವಿನ ಕೆಳಗಿನ ಅರೆ ಕೊಟ್ಟರು. ದೊಡ್ಡ ಡಬ್ಬಿ ಅಲ್ಲಿ, ವಾರಕ್ಕೆ ಏಳು ಗುಳಿಗೆ ಮಾತ್ರ ಒಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಮನೆಗೆ. ಹತ್ತಿ ತುರುಕಿದ್ದರಿಂದ ಸದ್ದಿಲ್ಲ.

ಇಷ್ಟನ್ನು ಮಾಡಿದ ಮೇಲೂ ಗುಳಿಗೆಯ ಮಾತು ಮುಗಿಯಲಿಲ್ಲ. ಮೂರನೆಯ ಭೇಟಿಯಲ್ಲಿ ಆಕೆ ಒಂದು ಮಾತು ಹೇಳಿದಳು: ಗುಳಿಗೆ ಗಂಟಲಲ್ಲಿ ಇಳಿಯುವಾಗಲೆಲ್ಲ ಅವನ ಕೆಮ್ಮು ಕೇಳಿಸುತ್ತದೆ. ಗಂಡನ ಕೊನೆಯ ಎರಡು ತಿಂಗಳು ಆಕೆಯೇ ಎತ್ತಿ ಕೂರಿಸಿ, ಉಗುಳು ಬಟ್ಟಲು ತೊಳೆದವಳು. ಯಾರಿಂದ ಯಾರಿಗೆ ಬಂತು ಎಂಬ ಪ್ರಶ್ನೆಯನ್ನು ಅವನು ಬದುಕಿರುವಾಗ ಒಬ್ಬರೂ ಆಡಲಿಲ್ಲ, ಸತ್ತ ಮೇಲೆ ಆಕೆ ಒಬ್ಬಳೇ ಆಡಿಕೊಳ್ಳುತ್ತಿದ್ದಳು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ, ಕೊಡಲು ಹೋಗಲೂ ಇಲ್ಲ. ಅಕ್ಕ ತಮ್ಮ ಕಥೆ ಹೇಳಿದರು. ಆ ದಿನ ನಾನು ಬಾಯಿ ತೆರೆಯಲಿಲ್ಲ, ತರಬೇತಿಯಲ್ಲಿ ಕಲಿತದ್ದರಲ್ಲಿ ಆಗ ಬಳಕೆಗೆ ಬಂದದ್ದು ಅದೊಂದೇ. ನಿದ್ದೆ ಬಾರದ ವಾರಗಳಲ್ಲಿ ಅಂಗಡಿಯ ಫೋನಿನಿಂದಲೇ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿಸಿದೆವು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರನ್ನು ಒಮ್ಮೆ ಕಂಡಳು. ಎಚ್‌ಐವಿ ಕುರಿತ 1097 ಸಹಾಯವಾಣಿಯ ಫಲಕವನ್ನು ಆಕೆ ಎಷ್ಟೋ ಸಲ ಓದಿದ್ದಳು. ಶುಲ್ಕವಿಲ್ಲದ ಸಂಖ್ಯೆ, ಕನ್ನಡದಲ್ಲೇ ಮಾತಾಡುತ್ತಾರೆ. ಆದರೆ ತನ್ನದೆಂಬ ಫೋನ್ ಇಲ್ಲದವಳು, ಮೈದುನನ ಮೊಬೈಲ್‌ನಲ್ಲಿ ಆ ಸಂಖ್ಯೆಯನ್ನು ಒತ್ತುವುದು ಸಾಧ್ಯವೇ?

ಆಕೆಯ ಇನ್ನೊಂದು ಹೆದರಿಕೆಯನ್ನು ಇಲ್ಲಿ ಬರೆಯಲೇಬೇಕು, ಏಕೆಂದರೆ ಭತ್ತದ ಸೀಮೆಯಲ್ಲಿ ಇದನ್ನು ಇನ್ನೂ ಹಲವರಿಂದ ಕೇಳಿದ್ದೇನೆ. ನಾಟಿಯ ಗದ್ದೆಯಲ್ಲಿ ಹದಿನೈದು ಜನ ಒಂದೇ ಕೆಸರು ನೀರಿನಲ್ಲಿ ದಿನವಿಡೀ ನಿಲ್ಲುತ್ತಾರೆ. ಕಾಲಿಗೆ ಗಾಜು ಚುಚ್ಚುತ್ತದೆ, ಬೆರಳ ಸಂದು ಒಡೆಯುತ್ತದೆ. ತನ್ನ ರಕ್ತ ಆ ನೀರಿಗೆ ಸೇರಿ ಉಳಿದವರಿಗೆ ಅಂಟಿದರೆ? ಎಂಟು ವರ್ಷ ಈ ಭಾರವನ್ನು ಹೊತ್ತು ಆಕೆ ಸಸಿ ನೆಟ್ಟಿದ್ದಳು, ಸಣ್ಣ ಗಾಯವಾದರೂ ದಂಡೆಗೆ ಬಂದು ಕೂರುತ್ತಿದ್ದಳು, ಸೋಮಾರಿ ಎನ್ನಿಸಿಕೊಂಡಿದ್ದಳು. ಗದ್ದೆಯ ನೀರಿನಿಂದ ಎಚ್‌ಐವಿ ಹರಡುವುದಿಲ್ಲ. ಒಂದೇ ಬುತ್ತಿಯಲ್ಲಿ ಉಂಡರೆ, ಒಂದೇ ಬಿಂದಿಗೆಯಲ್ಲಿ ಕುಡಿದರೆ, ಮಕ್ಕಳನ್ನು ತಬ್ಬಿ ಮಲಗಿದರೆ ಹರಡುವುದಿಲ್ಲ. ಇದನ್ನು ಕೇಳಿದ ದಿನ ಆಕೆ ಬಹಳ ಹೊತ್ತು ಅತ್ತಳು. ಇಷ್ಟು ಚಿಕ್ಕ ಉತ್ತರ ಇಷ್ಟು ವರ್ಷ ದೊರಕದೆ ಇದ್ದದ್ದು ನನ್ನನ್ನು ಈಗಲೂ ಕಾಡುತ್ತದೆ.

ಹೇಳುವುದೋ ಬೇಡವೋ

ಐದನೆಯ ಭೇಟಿಯಲ್ಲಿ ಆಕೆ ಕೇಳಿದಳು: ಗೊತ್ತಾದರೆ ಮನೆಯಿಂದ ಹೊರಗೆ ಹಾಕಬಹುದೇ? ಮೈದುನನಿಗೆ ಹೆಣ್ಣು ನೋಡುತ್ತಿದ್ದರು. ಅಣ್ಣ ಸತ್ತದ್ದು ಯಾವುದರಿಂದ ಎಂಬ ಪಿಸುಮಾತು ಬೀಗರ ಊರು ತಲುಪಿದರೆ ಸಂಬಂಧ ಮುರಿಯುತ್ತದೆ, ಮುರಿದರೆ ಅದರ ಹೊಣೆ ಆಕೆಯ ತಲೆಗೆ ಬರುತ್ತದೆ.

ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ 2017ರಲ್ಲಿ ಬಂತು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿರುವವರಿಗೆ ತಾವು ಬಾಳುತ್ತಿರುವ ಮನೆಯಲ್ಲಿ ಉಳಿಯುವ ಹಕ್ಕನ್ನು ಅದು ಕೊಡುತ್ತದೆ. ಕೆಲಸ, ಶಾಲೆ, ಚಿಕಿತ್ಸೆ, ಬಾಡಿಗೆ ಮನೆ ಯಾವುದರಲ್ಲೂ ಭೇದ ಮಾಡುವಂತಿಲ್ಲ. ಇದನ್ನೆಲ್ಲ ಹೇಳಿದೆ. ಆದರೆ ಕಾಯ್ದೆ ಬಾಗಿಲು ಬಡಿಯುವುದು ಹೊರಗೆ ಹಾಕಿದ ಮರುದಿನ, ಆ ಒಂದು ರಾತ್ರಿ ಎಲ್ಲಿ ಕಳೆಯುತ್ತೀಯ ಎಂದೂ ಕೇಳಿದೆ. ಆಕೆ ಯೋಚಿಸಿ ಇಬ್ಬರ ಮನೆ ಹೆಸರಿಸಿದಳು. ಒಂದು ತವರು, ಇನ್ನೊಂದು ಹೊಲಿಗೆ ಅಂಗಡಿ.

ನನ್ನ ಹಳೆಯ ತರಬೇತಿಯ ಪ್ರಭಾವವಿರಬೇಕು, ಮನೆಯ ಒಬ್ಬರಿಗಾದರೂ ಹೇಳಿದರೆ ಗುಳಿಗೆಗೆ ಆಸರೆಯಾಗುತ್ತದೆ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಅತ್ತೆಗೆ ಹೇಳುವಂತೆ ಎರಡು ಸಲ ಮಾತು ತೆಗೆದೆ. ಅಕ್ಕ ಒಮ್ಮೆ ಯಂತ್ರ ನಿಲ್ಲಿಸಿ ನನ್ನನ್ನೇ ನೋಡಿದರು. ಹೇಳಿದ ಮಾತನ್ನು ಹಿಂದಕ್ಕೆ ಪಡೆಯಲು ಆಗುವುದಿಲ್ಲ, ಹೇಳದ ಮಾತನ್ನು ನಾಳೆಯೂ ಹೇಳಬಹುದು ಎಂದರು. ನಾನು ಆ ಮಾತು ಬಿಟ್ಟೆ. ಆಕೆ ಇಂದಿಗೂ ಮನೆಯಲ್ಲಿ ಹೇಳಿಲ್ಲ, ಗುಳಿಗೆಯೂ ತಪ್ಪಿಲ್ಲ.

ಹೇಳದೆಯೇ ಮಾಡಬಹುದಾದ ಒಂದು ಕೆಲಸವಿತ್ತು. ಗಂಡನ ಹೆಸರಿನಲ್ಲಿ ನಾಲೆಯ ಕೊನೆ ಭಾಗದಲ್ಲಿ ಒಂದೂವರೆ ಎಕರೆ ಜಮೀನಿದೆ. ಅವನು ಸತ್ತು ಐದು ವರ್ಷವಾದರೂ ಪೌತಿ ಖಾತೆ, ಅಂದರೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಕೆಲಸ, ಆಗಿರಲಿಲ್ಲ. ಹೆಂಡತಿ, ಮಕ್ಕಳು, ತಾಯಿ ಎಲ್ಲರೂ ಅದರಲ್ಲಿ ಸಮಾನ ವಾರಸುದಾರರು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಆಕೆ ವಿಧವೆಯಾಗಿ ಹೋದಳು, ಎಚ್‌ಐವಿಯ ಮಾತು ಎಲ್ಲೂ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಅತ್ತೆಗೂ ಪಾಲಿದೆ ಎಂದು ವಕೀಲರು ವಿವರಿಸಿದ ಮೇಲೆ ಅತ್ತೆಯೇ ಬೆರಳಚ್ಚು ಕೊಡಲು ಜೊತೆಗೆ ಬಂದಳು. ಪಹಣಿಯಲ್ಲಿ ಹೆಸರು ಸೇರಿದ ಮೇಲೆ ಮನೆಯಲ್ಲಿ ಆಕೆಯ ದನಿ ಸ್ವಲ್ಪ ಗಟ್ಟಿಯಾಗಿದೆ. ಸಮಾಲೋಚನೆ ಎಂದರೆ ಮನಸ್ಸಿನ ಮಾತು ಮಾತ್ರ ಎಂದುಕೊಂಡವರಿಗೆ ಇದು ಅದರ ಹೊರಗಿನ ಕೆಲಸ ಎನಿಸಬಹುದು. ಆಕೆಯ ನಿದ್ದೆ ಸುಧಾರಿಸಿದ್ದು ಈ ಪಹಣಿ ಬಂದ ತಿಂಗಳಿನಲ್ಲೇ. ಮಹಿಳಾ ಅಭಿವೃದ್ಧಿ ನಿಗಮದ ಧನಶ್ರೀ ಯೋಜನೆಯ ಬಗ್ಗೆಯೂ ತಿಳಿಸಿದೆವು. ಸೋಂಕಿರುವ ಹೆಂಗಸರ ಸ್ವಂತ ಉದ್ಯೋಗಕ್ಕೆಂದೇ ಇರುವ ನೆರವು ಅದು. ಅರ್ಜಿಯ ಮೇಲೆ ಆ ಯೋಜನೆಯ ಹೆಸರಿರುತ್ತದೆಯೇ ಎಂದು ಕೇಳಿದಳು, ಸದ್ಯಕ್ಕೆ ಬೇಡ ಎಂದಳು.

ಖರ್ಚಿನ ಲೆಕ್ಕ

ಏಳು ತಿಂಗಳಲ್ಲಿ ಹನ್ನೊಂದು ಭೇಟಿ. ನಮ್ಮ ಡಬ್ಬಿಯಿಂದ ಹೋದದ್ದು ಎರಡು ದಿನದ ಕೂಲಿ ₹900, ಆಟೊ ₹240, ಸ್ಟೀಲ್ ಡಬ್ಬಿ ₹60, ಚಹಾ ಮಂಡಕ್ಕಿ ಎಂದು ₹150. ಒಟ್ಟು ₹1,350. ಔಷಧ, ಪರೀಕ್ಷೆ, ಬಸ್, ವಕೀಲರು ಎಲ್ಲವೂ ಸರ್ಕಾರದ ವ್ಯವಸ್ಥೆಯಲ್ಲಿ ಉಚಿತವಾಗಿ ಸಿಕ್ಕವು. ದೇಶದಲ್ಲಿ ಉಚಿತ ಎಆರ್‌ಟಿ 2004ರ ಏಪ್ರಿಲ್‌ನಿಂದ ಇದೆ, ಅದಿಲ್ಲದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೂ ಆ ಉಚಿತ ಗುಳಿಗೆ ಆಕೆಯ ಬಾಯಿ ಸೇರಲು ಈ ₹1,350 ಬೇಕಾಯಿತು.

ಲೆಕ್ಕಕ್ಕೆ ಬಾರದ ಖರ್ಚೊಂದಿದೆ. ಪ್ರತಿ ಭೇಟಿಗೆ ಅಕ್ಕ ಮುಕ್ಕಾಲು ಗಂಟೆ ಕೊಟ್ಟಿದ್ದಾರೆ, ಅಷ್ಟು ಹೊತ್ತು ಅವರ ಹೊಲಿಗೆ ನಿಂತಿದೆ, ಒಮ್ಮೆ ಹಬ್ಬದ ಮುನ್ನಾದಿನವೂ ನಿಂತಿತ್ತು. ಅವರು ಹಣ ಮುಟ್ಟುವುದಿಲ್ಲ. ಸಮುದಾಯದ ಬೆಂಬಲ ಅಗ್ಗ ಎಂದು ಹೇಳುವಾಗ ನಾವು ಹೆಚ್ಚಾಗಿ ಇಂಥ ಹೆಂಗಸರ ಸಮಯವನ್ನು ಸೊನ್ನೆಗೆ ಹಿಡಿದಿರುತ್ತೇವೆ. ಅದನ್ನು ಸರಿಪಡಿಸಲು ಈ ವರ್ಷದಿಂದ ಗುಂಪಿನ ರವಿಕೆ, ಚೀಲ, ಲಂಗ ಎಲ್ಲವನ್ನೂ ಪೂರ್ತಿ ಕೂಲಿ ಕೊಟ್ಟು ಅವರಲ್ಲೇ ಹೊಲಿಸುತ್ತಿದ್ದೇವೆ. ಸಾಲದು ಎಂದು ಗೊತ್ತು.

ಇನ್ನೊಂದು ದೊಡ್ಡ ಕೊರತೆ ಗಂಡಸರದು. ಹೊಲಿಗೆ ಅಂಗಡಿಗೆ ಗಂಡಸು ಬಂದು ಮುಕ್ಕಾಲು ಗಂಟೆ ಕೂರಲಾರ. ಗಂಡಸರು ಗುಳಿಗೆ ಬಿಟ್ಟರೆ ಅವರನ್ನು ಎಲ್ಲಿ ಕೂರಿಸಿ ಮಾತಾಡಿಸುವುದು? ಸೈಕಲ್ ಅಂಗಡಿಯ ಪರಿಚಯದವರೊಬ್ಬರನ್ನು ಕೇಳಿದ್ದೇವೆ. ಅವರಿಗೆ ತಮ್ಮ ಅಂಗಡಿಯ ಹೆಸರು ಕೆಡುವ ಭಯ. ಆಕೆಯ ಗಂಡನಿಗೆ ಅಂಥದೊಂದು ಜಾಗ 2018ರಲ್ಲಿ ಇದ್ದಿದ್ದರೆ ಎಂದು ನಾನು ಮತ್ತೆ ಮತ್ತೆ ಯೋಚಿಸುತ್ತೇನೆ.

ಜೂನ್‌ನಲ್ಲಿ ವೈರಲ್ ಲೋಡ್ ಪರೀಕ್ಷೆಯ ಫಲಿತಾಂಶ ಬಂತು. ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದಿತ್ತು. ಗುಳಿಗೆ ತಪ್ಪಿದ ಮಂಗಳವಾರಗಳ ನಂತರ ಬರುವ ಫಲಿತಾಂಶಕ್ಕೂ ಇದಕ್ಕೂ ಇರುವ ಅಂತರವನ್ನು ಆಕೆಗೆ ವಿವರಿಸಬೇಕಾಗಲಿಲ್ಲ. ಕೇಂದ್ರದವರು ಈಗ ಮೂರು ತಿಂಗಳ ಗುಳಿಗೆಯನ್ನು ಒಮ್ಮೆಗೇ ಕೊಟ್ಟಿದ್ದಾರೆ, ಜುಲೈ ಆಗಸ್ಟ್‌ನಲ್ಲಿ ಕಂಪ್ಲಿಯ ಸೇತುವೆ ಮುಳುಗಿದರೂ ಅಂಗಡಿಯ ಬೀರುವಿನಲ್ಲಿ ಡಬ್ಬಿ ತುಂಬಿರುತ್ತದೆ.

ಮೈದುನನ ಮದುವೆ ನಿಶ್ಚಯವಾಗಿದೆ. ಹೊಸ ಹೆಣ್ಣು ಮನೆಗೆ ಬಂದರೆ ಬೆಳಗಿನ ಒಲೆ ಯಾರ ಪಾಲಿಗೆ ಎಂಬುದು ಬದಲಾಗುತ್ತದೆ, ಐದು ಗಂಟೆಯ ಏಕಾಂತ ಉಳಿಯುತ್ತದೆಂದು ಹೇಳಲಾಗದು. ಅದಕ್ಕೆ ಬೇರೆ ಹೊತ್ತನ್ನು ಹುಡುಕುತ್ತಿದ್ದೇವೆ. ಮಗಳು ಹನ್ನೆರಡಕ್ಕೆ ಕಾಲಿಟ್ಟಿದ್ದಾಳೆ. ಸ್ಟೀಲ್ ಡಬ್ಬಿಯಲ್ಲಿ ಏನಿದೆ ಎಂದು ಒಮ್ಮೆ ಕೇಳಿದ್ದಾಳೆ, ಶಕ್ತಿಯ ಗುಳಿಗೆ ಎಂಬ ಉತ್ತರ ಸಿಕ್ಕಿದೆ. ಆ ಉತ್ತರ ಎಷ್ಟು ದಿನ ತಡೆಯುತ್ತದೆ, ಯಾವ ವಯಸ್ಸಿಗೆ ಎಷ್ಟು ಹೇಳಬೇಕು ಎಂಬುದರ ಬಗ್ಗೆ ಮುಂದಿನ ಭೇಟಿಯಲ್ಲಿ ಕೂರಬೇಕು.

ಕಳೆದ ಭೇಟಿಗೆ ಆಕೆ ಮಗಳನ್ನೂ ಕರೆತಂದಿದ್ದಳು. ಮಗಳು ಬೀರುವಿನ ಬಣ್ಣ ಬಣ್ಣದ ಗುಂಡಿಗಳನ್ನು ಎಣಿಸುತ್ತಾ ಕುಳಿತಳು. ಆಕೆ ಚೀಲದಿಂದ ಹಸಿರು ಕಣ ತೆಗೆದು ಮೇಜಿನ ಮೇಲೆ ಹರಡಿ, ಈ ಸಲ ನಿಜವಾಗಿ ಹೊಲಿಯಿರಿ, ಮದುವೆಗೆ ಬೇಕು ಎಂದಳು. ಅಕ್ಕ ಅಳತೆ ಪಟ್ಟಿ ತೆಗೆದರು. ಡಿಸೆಂಬರ್‌ನಲ್ಲಿ ನೆಪಕ್ಕೆಂದು ಬರೆದುಕೊಂಡ ಅಳತೆ ಈಗ ಹಿಡಿಸುತ್ತಿರಲಿಲ್ಲ, ತೋಳಿಗೂ ಎದೆಗೂ ಎರಡೆರಡು ಬೆರಳು ಹೆಚ್ಚು ಬಿಟ್ಟು ಕತ್ತರಿಸಿದರು.